ಅಂಗೈಯಲ್ಲಿ ಮಾತು ಬಿತ್ತಿದ ಗುರು: ಆ್ಯನಿ ಸಲ್ಲಿವನ್

ಹೆಲೆನ್ ಕೆಲ್ಲರ್ ಎಂಬ ಹೆಸರು ಕೇಳದವರು ನಮ್ಮಲ್ಲಿ ವಿರಳ. ಕಣ್ಣು ಕಾಣದ, ಕಿವಿ ಕೇಳದ ಆ ಹೆಣ್ಣುಮಗಳು ಪದವಿ ಪಡೆದು, ಪುಸ್ತಕ ಬರೆದು, ಲೋಕ ಸುತ್ತಿದ ಕಥೆಯನ್ನು ನಾವೆಲ್ಲ ಶಾಲೆಯ ಪಾಠದಲ್ಲಿ ಓದಿದ್ದೇವೆ. 2005ರಲ್ಲಿ ಬಂದ ಬ್ಲ್ಯಾಕ್ ಎಂಬ ಹಿಂದಿ ಚಲನಚಿತ್ರಕ್ಕೂ ಆಕೆಯ ಬದುಕೇ ಸ್ಫೂರ್ತಿ. ಆದರೆ ಆಕೆಗೆ ಮಾತು ಕಲಿಸಿದ ಗುರುವಿನ ಬಗ್ಗೆ ನಮಗೆ ತಿಳಿದಿರುವುದು ಕಡಿಮೆ. ಮಗುವಿಗೆ ಭಾಷೆ ಬರುವುದು ಹೇಗೆ, ಅದರಲ್ಲಿ ಮನೆಯವರ ಪಾತ್ರವೇನು ಎಂದು ತಂದೆ ತಾಯಂದಿರು, ಅಂಗನವಾಡಿ ಕಾರ್ಯಕರ್ತೆಯರು, ಧರ್ಮೋಪದೇಶದ ಶಿಕ್ಷಕರು ಕೇಳುವುದುಂಟು. ಈ ಪ್ರಶ್ನೆಗೆ ಒಂದು ಜೀವನವೇ ಉತ್ತರ ಕೊಡುತ್ತದೆ. ಆ ಜೀವನವನ್ನು ಇಲ್ಲಿ ಸಂಕ್ಷಿಪ್ತವಾಗಿ ನೆನೆಯೋಣ.

ಬಡತನ ಮತ್ತು ಕತ್ತಲು

ಆ್ಯನಿ ಹುಟ್ಟಿದ್ದು 1866ರ ಏಪ್ರಿಲ್ 14ರಂದು, ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಫೀಡಿಂಗ್ ಹಿಲ್ಸ್ ಎಂಬ ಹಳ್ಳಿಯಲ್ಲಿ. ತಂದೆ ಥಾಮಸ್, ತಾಯಿ ಆಲಿಸ್. ಐರ್ಲೆಂಡಿನ ಭೀಕರ ಕ್ಷಾಮದ ನಂತರ ಹೊಟ್ಟೆಪಾಡಿಗಾಗಿ ಕಡಲು ದಾಟಿ ಬಂದ ಕಥೋಲಿಕ ಬಡವರು ಅವರು. ಸುಮಾರು ಐದು ವರ್ಷದವಳಿದ್ದಾಗ ಆ್ಯನಿಗೆ ಟ್ರಕೋಮ ಎಂಬ ಕಣ್ಣಿನ ರೋಗ ತಗುಲಿ ದೃಷ್ಟಿ ಬಹುತೇಕ ಹೋಯಿತು. ಎಂಟು ವರ್ಷದವಳಿದ್ದಾಗ ತಾಯಿ ಕ್ಷಯರೋಗದಿಂದ ತೀರಿಕೊಂಡರು. ಕುಡಿತಕ್ಕೆ ಬಿದ್ದಿದ್ದ ತಂದೆ ಮಕ್ಕಳನ್ನು ಸಾಕಲಾರದೆ ಕೈಬಿಟ್ಟರು.

1876ರ ಫೆಬ್ರವರಿಯಲ್ಲಿ ಆ್ಯನಿ ಮತ್ತು ಆಕೆಯ ತಮ್ಮ ಜಿಮ್ಮಿಯನ್ನು ಟ್ಯೂಕ್ಸ್‌ಬರಿ ಎಂಬಲ್ಲಿದ್ದ ಸರಕಾರಿ ನಿರ್ಗತಿಕರ ಆಶ್ರಮಕ್ಕೆ ಸೇರಿಸಲಾಯಿತು. ವೃದ್ಧರು, ರೋಗಿಗಳು, ಬುದ್ಧಿಭ್ರಮಣೆಯವರು, ದಿಕ್ಕಿಲ್ಲದ ತಾಯಂದಿರು ಎಲ್ಲರೂ ಅಲ್ಲಿ ಒಟ್ಟಿಗೇ ಇದ್ದರು. ಸೊಂಟದ ಕ್ಷಯದಿಂದ ನರಳುತ್ತಿದ್ದ ಜಿಮ್ಮಿ ಕೆಲವೇ ತಿಂಗಳಲ್ಲಿ ತೀರಿಕೊಂಡ. ಜಗತ್ತಿನಲ್ಲಿ ತನ್ನವರೆಂದು ಉಳಿದಿದ್ದ ಒಬ್ಬನೂ ಹೋದ ಆ ದುಃಖವನ್ನು ಆ್ಯನಿ ಜೀವನಪೂರ್ತಿ ಹೊತ್ತುಕೊಂಡಿದ್ದಳು. ಆಶ್ರಮಕ್ಕೆ ಬರುತ್ತಿದ್ದ ಒಬ್ಬ ಕಥೋಲಿಕ ಧರ್ಮಗುರುಗಳು ಅವಳ ಮೇಲೆ ಕನಿಕರಪಟ್ಟು ಧರ್ಮಭಗಿನಿಯರ ಆಸ್ಪತ್ರೆಗೆ ಕರೆದೊಯ್ದು ಕಣ್ಣಿನ ಶಸ್ತ್ರಚಿಕಿತ್ಸೆ ಮಾಡಿಸಿದರು. ಆದರೂ ದೃಷ್ಟಿ ಮರಳಲಿಲ್ಲ.

ಕುರುಡರಿಗೂ ಶಾಲೆಯಿದೆ ಎಂದು ಯಾರೋ ಹೇಳಿದ್ದು ಅವಳ ಮನಸ್ಸಿನಲ್ಲಿ ಬೇರೂರಿತ್ತು. 1880ರಲ್ಲಿ ರಾಜ್ಯದ ಧರ್ಮಾರ್ಥ ಮಂಡಳಿಯ ಅಧಿಕಾರಿ ಫ್ರಾಂಕ್ ಸ್ಯಾನ್‌ಬಾರ್ನ್ ಆಶ್ರಮದ ತಪಾಸಣೆಗೆ ಬಂದಾಗ, ಮುಖವೂ ಸರಿಯಾಗಿ ಕಾಣದ ಆ ಗುಂಪಿನ ಮುಂದೆ ನಿಂತು ತನ್ನನ್ನು ಶಾಲೆಗೆ ಕಳುಹಿಸಬೇಕೆಂದು ಅವಳು ಅಂಗಲಾಚಿದಳು. ಅದೇ ವರ್ಷ ಅಕ್ಟೋಬರ್ 7ರಂದು ಬೋಸ್ಟನ್ ನಗರದ ಪರ್ಕಿನ್ಸ್ ಅಂಧರ ಶಾಲೆಯ ಬಾಗಿಲು ಅವಳಿಗೆ ತೆರೆಯಿತು. ಹದಿನಾಲ್ಕು ವರ್ಷದ ಹುಡುಗಿಗೆ ತನ್ನ ಹೆಸರು ಬರೆಯಲೂ ಬರುತ್ತಿರಲಿಲ್ಲ. ಜೊತೆಯ ಹುಡುಗಿಯರು ನಕ್ಕರು. ಆದರೆ ಅವಳು ಹಟಮಾರಿ. 1881 ಮತ್ತು 1882ರಲ್ಲಿ ನಡೆದ ಶಸ್ತ್ರಚಿಕಿತ್ಸೆಗಳಿಂದ ಓದುವಷ್ಟು ದೃಷ್ಟಿ ಮರಳಿತು. 1886ರಲ್ಲಿ ತರಗತಿಗೇ ಮೊದಲಿಗಳಾಗಿ ಶಾಲೆ ಮುಗಿಸಿದಳು.

ಬೆರಳಿನ ಭಾಷೆ

ಪರ್ಕಿನ್ಸ್ ಶಾಲೆಯಲ್ಲಿ ಆ್ಯನಿಗೆ ಸಿಕ್ಕಿದ ಒಂದು ದೊಡ್ಡ ಪಾಠ ಪುಸ್ತಕದಲ್ಲಿರಲಿಲ್ಲ. ಅಲ್ಲಿ ಲಾರಾ ಬ್ರಿಜ್‌ಮನ್ ಎಂಬ ಹಿರಿಯ ಮಹಿಳೆ ವಾಸವಾಗಿದ್ದರು. ಎರಡು ವರ್ಷದ ಮಗುವಾಗಿದ್ದಾಗಲೇ ಜ್ವರದಿಂದ ಕಣ್ಣು, ಕಿವಿ ಎರಡನ್ನೂ ಕಳೆದುಕೊಂಡವರು. 1837ರಿಂದ ಡಾ. ಸ್ಯಾಮುವೆಲ್ ಹೋವ್ ಅವರಿಗೆ ಭಾಷೆ ಕಲಿಸಿದ್ದರು. ಚಮಚ, ಬೀಗದ ಕೈ, ಚಾಕು ಮುಂತಾದ ವಸ್ತುಗಳಿಗೆ ಉಬ್ಬಕ್ಷರದ ಚೀಟಿ ಅಂಟಿಸಿ, ಒಂದೊಂದೇ ಪದವನ್ನು ತಾಳ್ಮೆಯಿಂದ ಅಭ್ಯಾಸ ಮಾಡಿಸುವುದು ಅವರ ಕ್ರಮ. ನಂತರ ಅಕ್ಷರಗಳನ್ನು ಬೆರಳಿನಿಂದ ಅಂಗೈಯಲ್ಲಿ ಮೂಡಿಸುವ ವಿಧಾನವನ್ನು ಕಲಿಸಲಾಯಿತು.

ಈ ಬೆರಳಕ್ಷರಕ್ಕೆ ದೀರ್ಘ ಇತಿಹಾಸವಿದೆ. ಹದಿನಾರನೇ ಶತಮಾನದಲ್ಲಿ ಸ್ಪೇನ್ ದೇಶದ ಬೆನೆಡಿಕ್ಟೀನ್ ಸನ್ಯಾಸಿ ಪೆದ್ರೊ ಪೋನ್ಸೆ ಕಿವುಡ ಮಕ್ಕಳಿಗೆ ಪಾಠ ಹೇಳಿದರು. 1620ರಲ್ಲಿ ಹುವಾನ್ ಪಾಬ್ಲೊ ಬೊನೆಟ್ ಒಂದು ಕೈಯ ಅಕ್ಷರಮಾಲೆಯನ್ನು ಅಚ್ಚು ಹಾಕಿಸಿದರು. ಅದು ಫ್ರಾನ್ಸಿನ ಮೂಲಕ ಅಮೆರಿಕ ತಲುಪಿತು. ಲಾರಾ ಅವರೊಡನೆ ಹರಟೆ ಹೊಡೆಯಬೇಕೆಂದೇ ಆ್ಯನಿ ಇದನ್ನು ಕಲಿತಳು. ಮುಂದೆ ಇದೇ ವಿದ್ಯೆ ಅವಳ ಕೈಹಿಡಿಯಿತು.

ಟಸ್ಕಂಬಿಯಾದ ಮನೆ

ಹೆಲೆನ್ ಹುಟ್ಟಿದ್ದು 1880ರ ಜೂನ್ 27ರಂದು, ಅಲಬಾಮ ರಾಜ್ಯದ ಟಸ್ಕಂಬಿಯಾ ಎಂಬಲ್ಲಿ. ಹತ್ತೊಂಬತ್ತು ತಿಂಗಳ ಮಗುವಾಗಿದ್ದಾಗ ಬಂದ ಕಾಯಿಲೆ ಅವಳ ದೃಷ್ಟಿ, ಶ್ರವಣ ಎರಡನ್ನೂ ಕಸಿದುಕೊಂಡಿತು. ಅಲ್ಲಿಯವರೆಗೆ ಎಲ್ಲ ಮಕ್ಕಳಂತೆ ಅವಳೂ ತೊದಲು ಮಾತು ಶುರುಮಾಡಿದ್ದಳು. ನೀರಿಗೆ ವಾ ವಾ ಎನ್ನುತ್ತಿದ್ದಳಂತೆ. ಕಾಯಿಲೆಯ ನಂತರ ಮಾತು ನಿಂತಿತು, ಆದರೆ ಮಾತಿನ ಹಸಿವು ನಿಲ್ಲಲಿಲ್ಲ. ಬ್ರೆಡ್ ಬೇಕಾದರೆ ಕತ್ತರಿಸಿ ಬೆಣ್ಣೆ ಸವರುವಂತೆ ಕೈಯಾಡಿಸುತ್ತಿದ್ದಳು. ಐಸ್‌ಕ್ರೀಂ ಬೇಕಾದರೆ ಚಳಿಯಿಂದ ನಡುಗಿ ತೋರಿಸುತ್ತಿದ್ದಳು. ಅಡುಗೆಯವಳ ಪುಟ್ಟ ಮಗಳು ಮಾರ್ಥಾ ಈ ಸನ್ನೆಗಳನ್ನು ಚೆನ್ನಾಗಿ ಅರ್ಥಮಾಡಿಕೊಳ್ಳುತ್ತಿದ್ದಳು. ಆದರೆ ಸನ್ನೆಗೆ ನಿಲುಕದ್ದನ್ನು ಹೇಳಲಾಗದೆ ಹೆಲೆನ್ ಸಿಟ್ಟಿನಿಂದ ಬಿದ್ದು ಹೊರಳಾಡುತ್ತಿದ್ದಳು.

ಟೆಲಿಫೋನಿನ ಜನಕ ಅಲೆಕ್ಸಾಂಡರ್ ಗ್ರಹಾಂ ಬೆಲ್ ಅವರ ಸಲಹೆಯಂತೆ ಹೆಲೆನಳ ತಂದೆ ಪರ್ಕಿನ್ಸ್ ಶಾಲೆಗೆ ಪತ್ರ ಬರೆದರು. ಶಾಲೆಯ ಮುಖ್ಯಸ್ಥ ಮೈಕೆಲ್ ಅನಾಗ್ನೋಸ್ ಆ್ಯನಿಯನ್ನು ಆರಿಸಿದರು. 1887ರ ಮಾರ್ಚ್ 3ರಂದು ಇಪ್ಪತ್ತರ ಹರೆಯದ ಆ್ಯನಿ ಆ ಮನೆಯ ಮೆಟ್ಟಿಲು ಹತ್ತಿದರು. ಹೆಲೆನ್ ಆಗ ಆರು ವರ್ಷ ಎಂಟು ತಿಂಗಳಿನ ಬಾಲೆ.

ಮೊದಲ ವಾರಗಳು ಯುದ್ಧದಂತಿದ್ದವು. ಊಟದ ಮೇಜಿನಲ್ಲಿ ಎಲ್ಲರ ತಟ್ಟೆಗೂ ಕೈಹಾಕಿ ತಿನ್ನುವುದು ಹೆಲೆನಳ ಅಭ್ಯಾಸ. ಮನೆಯವರು ಕನಿಕರದಿಂದ ಸುಮ್ಮನಿದ್ದರು. ಆ್ಯನಿ ಬಿಡಲಿಲ್ಲ. ಮನೆಯವರು ಎದ್ದುಹೋದ ಮೇಲೆ ಬಾಗಿಲು ಹಾಕಿಕೊಂಡು, ಮಗು ಚಮಚದಲ್ಲಿ ತಿಂದು ಕೈವಸ್ತ್ರ ಮಡಚಿಡುವವರೆಗೂ ಪಟ್ಟುಹಿಡಿದರು. ಆಮೇಲೆ ತಂದೆ ತಾಯಿಯ ಒಪ್ಪಿಗೆ ಪಡೆದು ತೋಟದ ಚಿಕ್ಕ ಮನೆಯಲ್ಲಿ ಸುಮಾರು ಎರಡು ವಾರ ಮಗುವಿನೊಡನೆ ಇಬ್ಬರೇ ಇದ್ದರು. ಮಗು ಕ್ರಮೇಣ ಶಾಂತವಾಯಿತು. ಗುರುವಿನ ಸ್ಪರ್ಶವನ್ನು ನಂಬತೊಡಗಿತು.

ಬೊಂಬೆ, ಕೇಕ್ ಮುಂತಾದ ಪದಗಳನ್ನು ಆ್ಯನಿ ಮೊದಲ ದಿನಗಳಿಂದಲೇ ಅಂಗೈಯಲ್ಲಿ ಬರೆಯುತ್ತಿದ್ದರು. ಹೆಲೆನ್ ಅದನ್ನು ಹಾಗೆಯೇ ಅನುಕರಿಸುತ್ತಿದ್ದಳು. ಒಮ್ಮೆ ಮನೆಯ ನಾಯಿಯ ಪಂಜ ಹಿಡಿದು ಅದಕ್ಕೂ ಬೊಂಬೆ ಎಂಬ ಪದ ಕಲಿಸಲು ಹೊರಟಿದ್ದಳು! ಆದರೆ ಅದು ಅವಳಿಗೆ ಬೆರಳಾಟ ಮಾತ್ರ. ಮಗ್ ಯಾವುದು, ಅದರೊಳಗಿರುವುದು ಯಾವುದು ಎಂಬ ಗೊಂದಲ ಬಗೆಹರಿದಿರಲಿಲ್ಲ. ಏಪ್ರಿಲ್ 5ರಂದು ಆ್ಯನಿ ಅವಳನ್ನು ನೀರಿನ ಪಂಪಿನ ಬಳಿ ಕರೆದೊಯ್ದರು. ಒಂದು ಕೈಯ ಮೇಲೆ ತಣ್ಣೀರು ಹರಿಯುತ್ತಿರುವಾಗ ಇನ್ನೊಂದು ಅಂಗೈಯಲ್ಲಿ ನೀರು ಎಂಬುದರ ಇಂಗ್ಲಿಷ್ ಅಕ್ಷರಗಳನ್ನು ಬರೆದರು. ಮಗುವಿನ ಕೈಯಿಂದ ಮಗ್ ಜಾರಿಬಿತ್ತು. ಮುಖದಲ್ಲಿ ಹೊಸ ಬೆಳಕು ಮೂಡಿತು. ನೆಲ, ಪಂಪು ಎಂದು ಮುಟ್ಟಿ ಮುಟ್ಟಿ ಹೆಸರು ಕೇಳಿದಳು. ಕೊನೆಗೆ ಗುರುವಿನತ್ತ ತಿರುಗಿ ಅವರ ಹೆಸರನ್ನೂ ಕೇಳಿದಳು. ಟೀಚರ್ ಎಂದು ಆ್ಯನಿ ಬರೆದರು. ಜೀವನಪೂರ್ತಿ ಹೆಲೆನ್ ಅವರನ್ನು ಕರೆದದ್ದು ಆ ಹೆಸರಿನಿಂದಲೇ. ಅಂದು ಕೆಲವೇ ಗಂಟೆಗಳಲ್ಲಿ ಮೂವತ್ತರಷ್ಟು ಹೊಸ ಪದಗಳು ಅವಳದಾದವು.

ಪುಟ್ಟ ಮಗುವೇ ಗುರುವಾಯಿತು

ಹೆಚ್ಚಿನವರು ಈ ಕಥೆಯನ್ನು ಪಂಪಿನ ಬಳಿಯೇ ನಿಲ್ಲಿಸುತ್ತಾರೆ. ನಮಗೆ ಅದಕ್ಕಿಂತ ಮುಖ್ಯವಾಗಿ ಕಾಣುವುದು ಅದರ ಮುಂದಿನ ವಾರ ನಡೆದ ಸಂಗತಿ. ಹೆಲೆನಳ ಬಂಧುಗಳ ಮನೆಯಲ್ಲಿ ಸುಮಾರು 15 ತಿಂಗಳಿನ ಒಂದು ಹೆಣ್ಣುಮಗುವಿತ್ತು. ಆ್ಯನಿ ಅದನ್ನು ಗಮನವಿಟ್ಟು ನೋಡಿದರು. ಮೂಗು ಎಲ್ಲಿ, ಕಿವಿ ಎಲ್ಲಿ ಎಂದರೆ ಅದು ಬೆರಳಿಟ್ಟು ತೋರಿಸುತ್ತಿತ್ತು. ಹೂವನ್ನು ಅಮ್ಮನಿಗೆ ಕೊಡು ಎಂದರೆ ಕೊಡುತ್ತಿತ್ತು. ಬಾಗಿಲು ಹಾಕು ಎಂದರೆ ಹಾಕುತ್ತಿತ್ತು. ಆದರೆ ಆ ಪದಗಳಲ್ಲಿ ಒಂದನ್ನೂ ಅದು ಇನ್ನೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ.

ಈ ಮಗುವಿಗೆ ಯಾರೂ ಮೇಜಿನ ಮುಂದೆ ಕೂರಿಸಿ ಪಾಠ ಮಾಡಿರಲಿಲ್ಲ. ಹುಟ್ಟಿದಂದಿನಿಂದ ಮನೆಯವರು ಎತ್ತಿ ಆಡಿಸುತ್ತಾ, ಉಣಿಸುತ್ತಾ, ಮೀಯಿಸುತ್ತಾ ಅದರೊಡನೆ ಮಾತನಾಡಿದ್ದರು, ಅಷ್ಟೇ. ಮಗು ಉತ್ತರ ಕೊಡುವ ಮೊದಲೇ, ಅದಕ್ಕೆ ಅರ್ಥವಾಗುತ್ತದೆ ಎಂಬ ನಂಬಿಕೆಯಿಂದ ಮಾತನಾಡಿದ್ದರು. ಆ್ಯನಿಗೆ ಹೊಳೆದದ್ದು ಇದು. ಅಂದಿನಿಂದ ವೇಳಾಪಟ್ಟಿಯ ಪಾಠಗಳನ್ನು ಬದಿಗಿಟ್ಟರು. ಕಿವಿಯಲ್ಲಿ ಮಾತನಾಡುವಂತೆ ಹೆಲೆನಳ ಅಂಗೈಯಲ್ಲಿ ಮಾತನಾಡತೊಡಗಿದರು. ಬಿಡಿ ಪದಗಳ ಬದಲು ಪೂರ್ತಿ ವಾಕ್ಯಗಳನ್ನೇ ಬಳಸಿದರು. ಅರ್ಥವಾಗದ ಭಾಗವನ್ನು ಸನ್ನೆಯಿಂದ, ಮಗುವಿನದೇ ಹಳೆಯ ಸಂಕೇತಗಳಿಂದ ತುಂಬಿದರು. ಮಗುವಿನ ಆಸಕ್ತಿ ಎತ್ತ ಹರಿಯುತ್ತದೋ ಅತ್ತ ಮಾತನ್ನೂ ಹರಿಸಿದರು.

ತರಗತಿ ಎಂದರೆ ಮರದ ನೆರಳು, ಕೋಳಿಗೂಡು, ಹೊಲದ ದಾರಿ. ಟೆನ್ನೆಸೀ ನದಿಯ ದಡದಲ್ಲಿ ಕಲ್ಲು ಪೇರಿಸಿ ಅಣೆಕಟ್ಟು, ದ್ವೀಪ, ಸರೋವರ ಕಟ್ಟುತ್ತಾ ಹೆಲೆನ್ ಭೂಗೋಳ ಕಲಿತಳು. ಕಲಿಯುತ್ತಿದ್ದೇನೆ ಎಂಬ ಅರಿವೇ ಅವಳಿಗಿರಲಿಲ್ಲ. ಒಮ್ಮೆ ಮಣಿ ಪೋಣಿಸುವಾಗ ಲೆಕ್ಕ ತಪ್ಪಿ ಅವಳು ತಡಕಾಡುತ್ತಿದ್ದಳು. ಆ್ಯನಿ ಅವಳ ಹಣೆ ಮುಟ್ಟಿ, ಯೋಚಿಸು ಎಂಬ ಪದವನ್ನು ಅಂಗೈಯಲ್ಲಿ ಬರೆದರು. ತಲೆಯೊಳಗೆ ನಡೆಯುತ್ತಿರುವ ಕೆಲಸಕ್ಕೂ ಒಂದು ಹೆಸರಿದೆ ಎಂದು ಮಗುವಿಗೆ ತಿಳಿಯಿತು. ಮುಟ್ಟಲಾಗದ ವಿಷಯಕ್ಕೂ ಮಾತು ಉಂಟು ಎಂಬುದು ಹಾಗೆ ಅರಿವಾಯಿತು.

ಫಲ ಬೇಗನೆ ಕಂಡಿತು. ಜೂನ್ ತಿಂಗಳಲ್ಲಿ ಹೆಲೆನ್ ಪೆನ್ಸಿಲಿನಲ್ಲಿ ಪುಟ್ಟ ಪತ್ರ ಬರೆದಳು. ಆಗಸ್ಟ್ ಮುಗಿಯುವಾಗ ಆರುನೂರಕ್ಕೂ ಹೆಚ್ಚು ಪದಗಳು ಅವಳ ವಶವಾಗಿದ್ದವು. ಏಕೆ, ಯಾರು, ಹೇಗೆ ಎಂಬ ಪ್ರಶ್ನೆಗಳ ಮಳೆ ಶುರುವಾಯಿತು.

ಪರೀಕ್ಷೆಯ ಕಾಲ

ಕೀರ್ತಿಯೊಡನೆ ಸಂಶಯವೂ ಬಂತು. 1891ರಲ್ಲಿ ಹನ್ನೊಂದರ ಹೆಲೆನ್ ಹಿಮರಾಜನ ಕುರಿತ ಕಥೆಯೊಂದನ್ನು ಬರೆದು ಅನಾಗ್ನೋಸ್ ಅವರಿಗೆ ಕಳುಹಿಸಿದಳು. ಅದು ಮಾರ್ಗರೆಟ್ ಕ್ಯಾನ್‌ಬಿ ಎಂಬ ಲೇಖಕಿಯ ಕಥೆಯನ್ನು ಹೋಲುತ್ತದೆ ಎಂದು ಅಚ್ಚಾದ ಮೇಲೆ ತಿಳಿಯಿತು. ಹಿಂದೆಂದೋ ಆ ಕಥೆಯನ್ನು ಅವಳ ಅಂಗೈಯಲ್ಲಿ ಓದಿ ಹೇಳಲಾಗಿತ್ತು. ಅವಳಿಗೆ ಅದು ಮರೆತೇಹೋಗಿತ್ತು. ಪರ್ಕಿನ್ಸ್ ಶಾಲೆಯಲ್ಲಿ ವಿಚಾರಣೆ ನಡೆಯಿತು. ಆ್ಯನಿಯನ್ನು ಹೊರಗೆ ಕಳುಹಿಸಿ ಮಗುವನ್ನು ಒಂಟಿಯಾಗಿ ಪ್ರಶ್ನಿಸಲಾಯಿತು. ಗುರು ಶಿಷ್ಯೆ ಇಬ್ಬರಿಗೂ ಆದ ಗಾಯ ಬಹುಕಾಲ ಮಾಯಲಿಲ್ಲ. ಆದರೆ ಯಾವ ಮಗು ತಾನೇ ಸ್ವಂತ ಪದಗಳಿಂದ ಮಾತು ಆರಂಭಿಸುತ್ತದೆ? ಎಲ್ಲರೂ ಅಮ್ಮನ, ಅಜ್ಜಿಯ, ನೆರೆಯವರ ಮಾತನ್ನು ಎರವಲು ಪಡೆದೇ ತಮ್ಮದನ್ನಾಗಿ ಮಾಡಿಕೊಳ್ಳುತ್ತಾರೆ. ಹೆಲೆನ್ ಆ ಹಾದಿಯಲ್ಲೇ ಇದ್ದಳು.

ಮುಂದಿನದು ಲೋಕಕ್ಕೆ ತಿಳಿದದ್ದೇ. 1900ರಲ್ಲಿ ಹೆಲೆನ್ ರ‍್ಯಾಡ್‌ಕ್ಲಿಫ್ ಕಾಲೇಜು ಸೇರಿದರು. ಪ್ರತಿಯೊಂದು ಉಪನ್ಯಾಸವನ್ನೂ ಆ್ಯನಿ ಪಕ್ಕದಲ್ಲಿ ಕುಳಿತು ಅಂಗೈಗೆ ಇಳಿಸಿದರು. ಬ್ರೈಲ್‌ನಲ್ಲಿ ಇಲ್ಲದ ಪುಸ್ತಕಗಳನ್ನು ತಮ್ಮ ದುರ್ಬಲ ಕಣ್ಣುಗಳಿಂದ ಓದಿ ಹೇಳಿದರು. 1903ರಲ್ಲಿ ಹೆಲೆನರ ಆತ್ಮಕಥೆ ಪ್ರಕಟವಾದಾಗ ಆ್ಯನಿಯ ಪತ್ರಗಳೂ ಅದರೊಡನೆ ಅಚ್ಚಾದವು. 1904ರಲ್ಲಿ ಹೆಲೆನ್ ಪದವೀಧರೆಯಾದರು. 1905ರಲ್ಲಿ ಆ್ಯನಿ ಲೇಖಕ ಜಾನ್ ಮೇಸಿ ಅವರನ್ನು ಮದುವೆಯಾದರು. ಸುಮಾರು ಒಂಬತ್ತು ವರ್ಷಗಳ ನಂತರ ದಂಪತಿ ಬೇರೆಯಾದರು. ಹಣದ ಅಡಚಣೆಯಿಂದ ಗುರು ಶಿಷ್ಯೆ ರಂಗಮಂದಿರಗಳಲ್ಲಿ ಕಾರ್ಯಕ್ರಮ ನೀಡಿದ್ದೂ ಉಂಟು. 1924ರಿಂದ ಅಮೆರಿಕದ ಅಂಧರ ಪ್ರತಿಷ್ಠಾನಕ್ಕಾಗಿ ದುಡಿದರು. ಆ್ಯನಿಯ ಕಣ್ಣುಗಳು ಮತ್ತೆ ಕೆಟ್ಟು, ಕೊನೆಯ ದಿನಗಳಲ್ಲಿ ಪೂರ್ಣ ಕತ್ತಲಾಯಿತು. 1936ರ ಅಕ್ಟೋಬರ್ 20ರಂದು, ಹೆಲೆನ್ ಪಕ್ಕದಲ್ಲಿರುವಾಗಲೇ, ಅವರು ಕೊನೆಯುಸಿರೆಳೆದರು. ವಾಷಿಂಗ್ಟನ್ ನಗರದ ರಾಷ್ಟ್ರೀಯ ಕಥೀಡ್ರಲಿನಲ್ಲಿ ಅವರ ಅವಶೇಷಗಳನ್ನು ಇರಿಸಲಾಯಿತು. 1968ರಲ್ಲಿ ತೀರಿಕೊಂಡ ಹೆಲೆನರಿಗೂ ಅಲ್ಲಿಯೇ, ಟೀಚರ್ ಪಕ್ಕದಲ್ಲೇ ಜಾಗ ದೊರೆಯಿತು.

ವಿಜ್ಞಾನ ಹೇಳುವುದೇನು?

ಆ್ಯನಿ ಕಣ್ಣಾರೆ ಕಂಡದ್ದನ್ನು ಸಂಶೋಧಕರು ಬಹಳ ತಡವಾಗಿ ಅಳೆದು ನೋಡಿದರು. 2003ರಲ್ಲಿ ಅಮೆರಿಕದ ಸಿಯಾಟಲ್ ನಗರದಲ್ಲಿ ಪೆಟ್ರೀಷಿಯಾ ಕೂಲ್ ಮತ್ತು ಸಂಗಡಿಗರು ಒಂಬತ್ತು ತಿಂಗಳಿನ ಶಿಶುಗಳ ಮೇಲೆ ನಡೆಸಿದ ಅಧ್ಯಯನವನ್ನು ಪ್ರಕಟಿಸಿದರು. ಕೆಲವು ಶಿಶುಗಳೊಡನೆ ಚೀನೀ ಭಾಷೆಯವರು ಎದುರು ಕುಳಿತು ಹನ್ನೆರಡು ಬಾರಿ ಆಡಿದರು, ಓದಿ ಹೇಳಿದರು. ಬೇರೆ ಶಿಶುಗಳಿಗೆ ಅದನ್ನೇ ಟಿ.ವಿ. ಪರದೆಯಲ್ಲಿ ತೋರಿಸಲಾಯಿತು, ಇನ್ನು ಕೆಲವಕ್ಕೆ ಧ್ವನಿ ಮಾತ್ರ ಕೇಳಿಸಲಾಯಿತು. ಎದುರು ಕುಳಿತು ಆಡಿದವರಿಂದ ಶಿಶುಗಳು ಚೀನೀ ಧ್ವನಿಗಳನ್ನು ಗುರುತಿಸಲು ಕಲಿತವು. ಪರದೆಯಿಂದ, ಧ್ವನಿಮುದ್ರಣದಿಂದ ಕಲಿಯಲಿಲ್ಲ. ಕೇಳಿಸಿದ ಭಾಷೆ ಒಂದೇ. ವ್ಯತ್ಯಾಸ ಇದ್ದದ್ದು ಎದುರಿಗೆ ಮನುಷ್ಯರು ಇದ್ದರೇ ಇಲ್ಲವೇ ಎಂಬುದರಲ್ಲಿ.

2018ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ ನಾಲ್ಕರಿಂದ ಆರು ವರ್ಷದ ಮಕ್ಕಳದು. ಮನೆಯಲ್ಲಿ ಹಿರಿಯರೊಡನೆ ಮಾತಿನ ಕೊಡು ಕೊಳ್ಳುವಿಕೆ ಹೆಚ್ಚಿದ್ದ ಮಕ್ಕಳ ಮಿದುಳಿನ ಭಾಷಾ ಕೇಂದ್ರ, ಕಥೆ ಕೇಳುವಾಗ ಹೆಚ್ಚು ಚುರುಕಾಗಿತ್ತು. ತಂದೆ ತಾಯಿಯ ಆದಾಯ, ಓದು ಇವನ್ನು ಲೆಕ್ಕಕ್ಕೆ ತೆಗೆದುಕೊಂಡರೂ ಈ ಫಲಿತಾಂಶ ಬದಲಾಗಲಿಲ್ಲ. ಮಗುವಿನ ಕಿವಿಗೆ ಬಿದ್ದ ಪದಗಳ ಸಂಖ್ಯೆಗಿಂತ ಮಾತಿಗೆ ಮಾತು ಸೇರುವುದೇ ಮುಖ್ಯವಾಗಿತ್ತು. ಬಡವರ ಮನೆಯಲ್ಲೂ ಈ ಸಂಪತ್ತನ್ನು ಕೊಡಬಹುದು ಎಂಬುದು ಎಷ್ಟು ಸಮಾಧಾನದ ವಿಷಯ!

ನಮ್ಮ ಮನೆಗಳಲ್ಲಿ

ಕರಾವಳಿಯ ನಮ್ಮ ಮನೆಗಳನ್ನೇ ನೋಡೋಣ. ಊಟ ಮಾಡಿಸಬೇಕಾದರೆ ಮಗುವಿನ ಮುಂದೆ ಮೊಬೈಲ್. ಅಳು ನಿಲ್ಲಬೇಕಾದರೂ ಮೊಬೈಲ್. ಮೊಬೈಲ್ ಹಾಡುತ್ತದೆ, ಕುಣಿಯುತ್ತದೆ, ಆದರೆ ಮಗು ತೊದಲಿದ್ದಕ್ಕೆ ಉತ್ತರ ಕೊಡುವುದಿಲ್ಲ. ಒಂದು ವರ್ಷದೊಳಗಿನ ಮಕ್ಕಳಿಗೆ ಪರದೆಯೇ ಬೇಡ, ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ತಿಳಿಸಿದೆ.

ಗಲ್ಫ್ ದೇಶಗಳಲ್ಲಿ ದುಡಿಯುವ ತಂದೆಯರು ಇದನ್ನು ಓದಿ ನಿರಾಶರಾಗಬೇಕಾಗಿಲ್ಲ. ಎರಡು ವರ್ಷ ದಾಟಿದ ಮಕ್ಕಳು ವಿಡಿಯೋ ಕರೆಯಲ್ಲಿ ನೇರವಾಗಿ ಮಾತನಾಡುವವರಿಂದ ಹೊಸ ಪದ ಕಲಿಯಬಲ್ಲರು, ಮುದ್ರಿತ ವಿಡಿಯೋದಿಂದ ಕಲಿಯಲಾರರು ಎಂದು 2014ರ ಅಧ್ಯಯನವೊಂದು ತೋರಿಸಿದೆ. ಮಗು ತೋರಿಸಿದ ಆಟಿಕೆಯನ್ನು ನೋಡಿ, ಅದರ ಬಗ್ಗೆಯೇ ಕೇಳಿ, ಅದರ ಉತ್ತರಕ್ಕಾಗಿ ಕಾಯುವ ತಂದೆ ದೂರವಿದ್ದರೂ ಹತ್ತಿರವೇ.

ಬೀಡಿ ಕಟ್ಟುವ ತಾಯಿ, ಮೀನು ಶುಚಿ ಮಾಡುವ ಅಜ್ಜಿ ಕೆಲಸ ಬಿಟ್ಟು ಪಾಠ ಹೇಳಬೇಕೆಂದಿಲ್ಲ. ಕೈ ಕೆಲಸ ಮಾಡುತ್ತಿರಲಿ, ಬಾಯಿ ಮಗುವಿನೊಡನೆ ಆಡುತ್ತಿರಲಿ. ಮಗು ನೋಡುತ್ತಿರುವುದಕ್ಕೆ ಹೆಸರು ಹೇಳೋಣ. ಅದು ಒಂದು ಪದ ಅಂದರೆ ನಾವು ಒಂದು ವಾಕ್ಯ ಮಾಡೋಣ. ಪ್ರಶ್ನೆ ಕೇಳಿ ಸ್ವಲ್ಪ ಕಾಯೋಣ. ಕೊಂಕಣಿಯೋ, ತುಳುವೋ, ಕನ್ನಡವೋ, ನಮಗೆ ಹೃದಯದಿಂದ ಬರುವ ಭಾಷೆಯಲ್ಲೇ ಮಾತನಾಡೋಣ. ಇಂಗ್ಲಿಷ್ ಶಾಲೆಗೆ ಹೋಗುತ್ತದೆಂದು ನಮಗೇ ಸರಿಯಾಗಿ ಬಾರದ ಭಾಷೆಯ ನಾಲ್ಕು ಪದಗಳಿಗೆ ಮನೆಯ ಮಾತನ್ನು ಕುಗ್ಗಿಸಿದರೆ ಮಗುವಿಗೇ ನಷ್ಟ. ಮಕ್ಕಳು ಒಂದಕ್ಕಿಂತ ಹೆಚ್ಚು ಭಾಷೆಯನ್ನು ನಿರಾಯಾಸವಾಗಿ ಕಲಿಯಬಲ್ಲರು.

ಒಂದು ಎಚ್ಚರಿಕೆಯ ಮಾತು. ಶಬ್ದಕ್ಕೆ ತಿರುಗಿ ನೋಡದ, ತೊದಲದ, ಹೆಸರು ಕರೆದರೆ ಓಗೊಡದ ಮಗುವನ್ನು ಕಂಡರೆ, ನಿಧಾನವಾಗಿ ಸರಿಹೋಗುತ್ತದೆ ಎಂದು ವರ್ಷ ಕಳೆಯುವುದು ಬೇಡ. ಕಿವಿಯ ಪರೀಕ್ಷೆಯನ್ನು ಕೂಡಲೇ ಮಾಡಿಸಬೇಕು. ಮೈಸೂರಿನಲ್ಲಿ 1965ರಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇಂಥ ಮಕ್ಕಳಿಗಾಗಿಯೇ ದುಡಿಯುತ್ತಿದೆ. ಕಿವಿ ಕೇಳದ ಮಗುವಿಗೂ ಭಾಷೆ ಬೇಕು. ಅದು ಕೈಸನ್ನೆಯ ಭಾಷೆಯಾದರೂ ಆಗಬಹುದು. ಮನೆಯವರು ಅದನ್ನು ಕಲಿತು ಮಗುವಿನೊಡನೆ ಆಡಿದರೆ ಮಾತ್ರ ಅದು ಮಗುವಿನ ಭಾಷೆಯಾಗುತ್ತದೆ. ವಾಳೆಯ ಗುರ್ಕಾರರು, ಸ್ತ್ರೀ ಸಂಘಟನೆಯ ಸದಸ್ಯೆಯರು, ಮನೆ ಭೇಟಿ ಮಾಡುವ ಧರ್ಮಭಗಿನಿಯರು ಇಂಥ ಮಕ್ಕಳನ್ನು ಬೇಗ ಗುರುತಿಸಿ ಹೆತ್ತವರಿಗೆ ದಾರಿ ತೋರಿಸಿದರೆ ದೊಡ್ಡ ಉಪಕಾರ.

ಆಶ್ರಮದ ಕತ್ತಲಲ್ಲಿ ತಮ್ಮನನ್ನು ಕಳೆದುಕೊಂಡ ಅನಾಥ ಹುಡುಗಿಗೆ ಯಾವ ತರಬೇತಿ ಪ್ರಮಾಣಪತ್ರವೂ ಇರಲಿಲ್ಲ. ಒಂದು ಮಗುವಿನೊಡನೆ ದಿನವಿಡೀ ಇದ್ದು, ಅದು ಅರ್ಥಮಾಡಿಕೊಳ್ಳುತ್ತದೆ ಎಂದು ನಂಬಿ, ಸೋಲದೆ ಮಾತನಾಡಿದ್ದೇ ಆಕೆಯ ಸಾಧನೆ. ಅಷ್ಟನ್ನು ನಮ್ಮ ಮನೆಯ ಪ್ರತಿಯೊಂದು ಕಂದನಿಗೂ ನಾವು ಕೊಡಬಲ್ಲೆವು. ಇಂದು ರಾತ್ರಿ ಊಟದ ಹೊತ್ತಿಗೆ ಮೊಬೈಲನ್ನು ಕಪಾಟಿನಲ್ಲಿಟ್ಟು, ಮಗುವನ್ನು ಮಡಿಲಲ್ಲಿ ಕೂರಿಸಿಕೊಂಡು ಆರಂಭಿಸೋಣ.